ಎಷ್ಟು ಗಂಟೆಗೆ ಜ್ವರ ಬಂತು?

ನಾನು ನಮ್ಮೂರ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವಳು. ಬೆಳಗ್ಗೆ ಆರಕ್ಕೊಂದು ಸಲ, ಸಂಜೆ ಐದಕ್ಕೊಂದು ಸಲ. ಯಾರ ಕ್ಯಾನು, ಎಷ್ಟು ಲೀಟರು, ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು, ಒಂದೂ ಬಿಡದೆ ಪುಸ್ತಕಕ್ಕೆ ಏರಿಸಬೇಕು. ಒಂದು ಪಾಯಿಂಟ್ ಆಚೀಚೆ ಆದರೂ ಜನ ಜಗಳಕ್ಕೆ ಬರುತ್ತಾರೆ. ಅಂಥವಳನ್ನು ರಾತ್ರಿ ಎರಡೂವರೆಗೆ ಮೈಸೂರಿನ ಆಸ್ಪತ್ರೆಯೊಂದರ ಕ್ಯಾಷುಯಲ್ಟಿಯಲ್ಲಿ ನಿಲ್ಲಿಸಿಕೊಂಡು, "ಮಗೂಗೆ ಜ್ವರ ಬಂದಿದ್ದು ಯಾವತ್ತು, ಎಷ್ಟು ಗಂಟೆಗೆ?" ಅಂತ ಡಾಕ್ಟರ್ ಕೇಳಿದರೆ ನನಗೆ ಬಾಯೇ ಬರಲಿಲ್ಲ.

"ಸೋಮವಾರ... ಸಾಯಂಕಾಲ ಇರ್ಬೇಕು."

"ಹಾಲು ಕುಡಿಯೋದು ಯಾವಾಗ ಬಿಟ್ಟಳು? ಫಿಟ್ಸ್ ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು? ಒಂದೇ ಕಡೆ ಎಳೀತಾ ಇತ್ತಾ, ಎರಡೂ ಕಡೆನಾ? ಏನೇನು ಔಷಧಿ ಕೊಟ್ಟಿದ್ದೀರಿ? ಕಿವಿ ಸೋರಿತ್ತಾ? ತಲೆಗೆ ಪೆಟ್ಟು ಬಿದ್ದಿತ್ತಾ? ತಾಯಿ ಕಾರ್ಡ್ ತಂದಿದ್ದೀರಾ?"

ಮಗು ಅಲ್ಲಿ ಅರೆಗಣ್ಣು ಬಿಟ್ಟುಕೊಂಡು ಮಲಗಿದೆ, ಈಯಮ್ಮ ಜಾತಕ ಕೇಳುತ್ತಾ ಕೂತಿದ್ದಾಳಲ್ಲ ಅಂತ ಕೋಪ ಉಕ್ಕಿ ಬಂತು. ಬೈದೆನೋ ಏನೋ, ನೆನಪಿಲ್ಲ. ಆ ಡಾಕ್ಟರಮ್ಮ ತಲೆ ಎತ್ತದೆ ಬರೆಯುತ್ತಲೇ ಇದ್ದರು. ಅಷ್ಟರಲ್ಲಿ ಬೇರೆ ಇಬ್ಬರು ಮಗುವಿನ ಕೈಗೆ ಸೂಜಿ ಹಾಕಿ ರಕ್ತ ತೆಗೆದು, ಮೂಗಿಗೆ ಆಕ್ಸಿಜನ್ ಇಟ್ಟಾಗಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದೇ ಆಮೇಲೆ.

ಆ ಪ್ರಶ್ನೆಗಳನ್ನು ಈಗ ಬಾಯಿಪಾಠ ಒಪ್ಪಿಸಬಲ್ಲೆ. ಯಾಕೆ ಕೇಳಿದರು ಅಂತ ಗೊತ್ತಾಗುವುದಕ್ಕೆ ಮಾತ್ರ ಹದಿನೈದು ದಿನ ಹಿಡಿಯಿತು.

ನಮ್ಮೂರು ಮಂಡ್ಯದಿಂದ ಕೆರಗೋಡಿನ ಕಡೆ ಹೋಗುವ ದಾರಿಯಲ್ಲಿದೆ. ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಆಲೆಮನೆಗಳಿಗೆ ಬಿಡುವಿರಲಿಲ್ಲ. ನಮ್ಮ ಮನೆಯವರಿಗೂ ಆಲೆಮನೆಯಲ್ಲೇ ಕೆಲಸ, ರಾತ್ರಿ ಪಾಳಿ. ಸೋಮವಾರ ಸಂಜೆ ಡೈರಿ ಮುಗಿಸಿ ಬರುವಷ್ಟರಲ್ಲಿ ಅತ್ತೆ ಚಿನ್ನುವಿನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದರು. ಹನ್ನೊಂದು ತಿಂಗಳ ಕೂಸು. ಮೇಲಿನ ಒಸಡಿನಲ್ಲಿ ಹಲ್ಲು ಬೆಳ್ಳಗೆ ಕಾಣುತ್ತಿತ್ತು. ಹಲ್ಲಿನ ಜ್ವರ ಅಂದರು ಅತ್ತೆ. ನಾನೂ ಹೌದು ಅಂದುಕೊಂಡೆ.

ಮಂಗಳವಾರ ಕ್ಲಿನಿಕ್ಕಿಗೆ ತೋರಿಸಿದೆವು. ಜ್ವರದ ಸಿರಪ್ ಬರೆದುಕೊಟ್ಟರು. ಕುಡಿಸಿದರೆ ಜ್ವರ ಇಳಿಯುತ್ತಿತ್ತು, ನಾಲ್ಕು ಗಂಟೆ ಕಳೆದರೆ ಮತ್ತೆ ಏರುತ್ತಿತ್ತು. ಅವತ್ತು ರಾತ್ರಿ ನಾನೊಂದು ಕೆಲಸ ಮಾಡಿದೆ. ಬಾವನ ಮಗನಿಗೆ ಗಂಟಲು ನೋವು ಅಂತ ತಂದಿದ್ದ ಆಂಟಿಬಯೋಟಿಕ್ ಸಿರಪ್ ಫ್ರಿಜ್ಜಿನಲ್ಲಿ ಅರ್ಧ ಬಾಟಲಿ ಉಳಿದಿತ್ತು. ಅದರಲ್ಲಿ ಅರ್ಧ ಚಮಚ ಕುಡಿಸಿದೆ. ಮಾರನೇ ದಿನ ಬೆಳಗ್ಗೆ, ಮಧ್ಯಾಹ್ನ ಇನ್ನೆರಡು ಸಲ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅಂತಲೂ ಅನ್ನಿಸಲಿಲ್ಲ.

ಬುಧವಾರ ಮೂರು ಸಲ ವಾಂತಿ. ಹಾಲಿಗೆ ಬಾಯಿ ಇಡಿಸಿದರೆ ಮುಖ ತಿರುಗಿಸಿದಳು. ಅಳುವಿನ ದನಿಯೇ ಬೇರೆಯಾಗಿತ್ತು, ಸಣ್ಣಗೆ, ಕೀರಲಾಗಿ. ಎಲ್ಲಕ್ಕಿಂತ ವಿಚಿತ್ರ ಅಂದರೆ ಎತ್ತಿಕೊಂಡರೆ ಜಾಸ್ತಿ ಅಳು, ಚಾಪೆ ಮೇಲೆ ಬಿಟ್ಟರೆ ಕಮ್ಮಿ. ಯಾವ ಮಗು ಹಾಗೆ ಮಾಡುತ್ತೆ ಹೇಳಿ? ಅತ್ತೆ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. "ಘಾಟೇ ಬರ್ನಿಲ್ಲ ನೋಡು, ದೃಷ್ಟಿ ಆಗದೆ ಕಣವ್ವ" ಅಂದರು. ನೆತ್ತಿಗೆ ಎಣ್ಣೆ ಒತ್ತುವಾಗ "ನೆತ್ತಿ ಯಾಕೋ ಉಬ್ದಂಗದೆ" ಅಂತಲೂ ಅಂದರು. ಭೇದಿಯಾದ ಮಗುವಿನ ನೆತ್ತಿ ಗುಳಿ ಬಿದ್ದರೆ ಕೆಟ್ಟದ್ದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಉಬ್ಬಿದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ.

ಎತ್ತಿಕೊಂಡರೆ ಅಳುವುದು, ನೆತ್ತಿ ಉಬ್ಬುವುದು, ಎರಡೂ ಕುರುಹೇ ಆಗಿದ್ದವು. ಮೆದುಳು, ಬೆನ್ನುಹುರಿ ಎರಡನ್ನೂ ಸುತ್ತಿಕೊಂಡು ಒಂದು ತೆಳು ಪೊರೆ ಇರುತ್ತದಂತೆ. ಅದಕ್ಕೆ ಸೋಂಕಾಗಿ ಊದಿಕೊಂಡರೆ ಮೆನಿಂಜೈಟಿಸ್. ಎತ್ತಿಕೊಂಡಾಗ ಮಗುವಿನ ಬೆನ್ನು, ಕತ್ತು ಬಾಗುತ್ತವೆ, ಆ ಪೊರೆ ಎಳೆದು ನೋಯುತ್ತದೆ. ಅದಕ್ಕೇ ಅಮ್ಮನ ತೋಳಿಗಿಂತ ಚಾಪೆ ಹಿತ. ದೊಡ್ಡ ಮಕ್ಕಳಲ್ಲಾದರೆ ಕತ್ತು ಬಿಗಿಯಾಗುತ್ತದೆ, ತಲೆನೋವು ಅಂತ ಬಾಯಿಬಿಟ್ಟು ಹೇಳುತ್ತಾರೆ, ಬೆಳಕು ಕಂಡರೆ ಕಣ್ಣು ಮುಚ್ಚುತ್ತಾರೆ. ವರ್ಷ ತುಂಬದ ಕೂಸಿಗೆ ಕತ್ತು ಬಿಗಿಯದೆಯೂ ಇರಬಹುದು. ತಲೆಯೊಳಗೆ ಒತ್ತಡ ಏರಿದ್ದನ್ನು ನೆತ್ತಿ ಹೇಳುತ್ತದೆ. ನಮ್ಮತ್ತೆಯ ಬೆರಳಿಗೆ ಅದು ಹೇಳಿತ್ತು.

ರಾತ್ರಿ ಹತ್ತೂವರೆಗೆ ಫಿಟ್ಸ್. ಎಡಗೈ ಎಡಗಾಲು ಪಟಪಟ ಹೊಡೆದುಕೊಂಡವು, ಕಣ್ಣು ಒಂದು ಕಡೆಗೆ ಹೋಯಿತು. ಅಕ್ಕಪಕ್ಕದವರು ಸೇರಿದರು. ಒಬ್ಬರು ಬೀಗದ ಕೈ ತಂದು ಮುಷ್ಟಿಗೆ ತುರುಕಿದರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಬಾವನವರು 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸಿನ ಹುಡುಗ ಬಂದವನೇ ಎಲ್ಲರನ್ನೂ ಆಚೆ ತಳ್ಳಿ, ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಲ್ಲಿ ಏನೂ ಇಡಬೇಡಿ ಅಂತ ಗದರಿದ. ಮೊದಲು ಹೋದ ಆಸ್ಪತ್ರೆಯಲ್ಲಿ ಫಿಟ್ಸ್ ನಿಲ್ಲಿಸಿದರು. ಮಕ್ಕಳ ಐಸಿಯುನಲ್ಲಿ ಮಂಚ ಖಾಲಿ ಇಲ್ಲ, ಮೈಸೂರಿಗೆ ಹೋಗಿ ಅಂತ ಚೀಟಿ ಕೊಟ್ಟರು. ದಾರಿಯುದ್ದಕ್ಕೂ ಕಬ್ಬಿನ ಲಾರಿ. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಅಭ್ಯಾಸಬಲದಿಂದ ಕೈ ಮುಗಿದೆ. ಏನು ಬೇಡಿಕೊಂಡೆ ಅಂತ ನೆನಪಿಲ್ಲ.

ಕ್ಯಾಷುಯಲ್ಟಿಗೆ ಮತ್ತೆ ಬರುತ್ತೇನೆ. ಬೆಳಗಿನ ಜಾವ ಮೂರಕ್ಕೆ ಆ ಡಾಕ್ಟರಮ್ಮ ಬಂದು, "ಮೆದುಳಿನ ಪೊರೆಗೆ ಸೋಂಕಾಗಿರೋ ಹಾಗಿದೆ. ಬೆನ್ನಿನ ನೀರು ತೆಗೆದು ಟೆಸ್ಟ್ ಮಾಡಬೇಕು, ಇಲ್ಲಿ ಸಹಿ ಹಾಕಿ" ಅಂದರು. ನಮ್ಮ ಮನೆಯವರು ಪೆನ್ನು ಮುಟ್ಟಲಿಲ್ಲ. "ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಬಿದ್ದೋಗ್ತವೆ. ನಮ್ಮೂರಲ್ಲಿ ಒಬ್ಬ ಹುಡುಗನಿಗೆ ಹಂಗೇ ಆಯ್ತು" ಅಂದರು. ಅತ್ತೆ ಫೋನಿನಲ್ಲಿ ಅಳುತ್ತಿದ್ದರು. ಮಳವಳ್ಳಿಯಿಂದ ಚಿಕ್ಕಮಾವ, ಬೆಂಗಳೂರಿಂದ ನನ್ನ ತಮ್ಮ, ಎಲ್ಲರೂ ಬೇಡ ಅನ್ನುವವರೇ. ನಾನು? ನಾನೂ ಬೇಡ ಅಂದೆ. ಇದನ್ನು ಮುಚ್ಚಿಡುವುದಿಲ್ಲ.

ನಮ್ಮ ಅದೃಷ್ಟಕ್ಕೆ ಚಿಕಿತ್ಸೆ ನಮ್ಮ ಸಹಿಗೆ ಕಾಯುತ್ತಾ ಕೂತಿರಲಿಲ್ಲ. "ಇಂಜೆಕ್ಷನ್ ಶುರು ಮಾಡಿದ್ದೀವಿ. ಅದಂತೂ ನಿಲ್ಲಿಸಲ್ಲ" ಅಂದರು. ಮೊದಲು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್, ಅದರ ಬೆನ್ನಿಗೇ ಸೆಫ್ಟ್ರಿಯಾಕ್ಸೋನ್, ಜೊತೆಗೆ ವ್ಯಾಂಕೊಮೈಸಿನ್, ಎರಡೂ ಆಂಟಿಬಯೋಟಿಕ್. ಮಗು ಆ ಗಳಿಗೆಯಲ್ಲಿ ಉಸಿರಾಟಕ್ಕೂ ಕಷ್ಟಪಡುತ್ತಿತ್ತು, ಹಾಗಾಗಿ ಸಹಿ ಹಾಕಿದ್ದರೂ ತಕ್ಷಣ ಬೆನ್ನಿಗೆ ಸೂಜಿ ಹಾಕುತ್ತಿರಲಿಲ್ಲ ಅಂತ ಆಮೇಲೆ ಒಬ್ಬರು ಹೇಳಿದರು. ನನ್ನ ಸಮಾಧಾನಕ್ಕೆ ಹೇಳಿದರೋ ನಿಜವೋ, ನಾನು ನಂಬಿಕೊಂಡಿದ್ದೇನೆ.

ನಮ್ಮ ಮನಸ್ಸು ತಿರುಗಿಸಿದ್ದು ಡಾಕ್ಟರ್ ಅಲ್ಲ, ವಯಸ್ಸಾದ ಒಬ್ಬ ಸಿಸ್ಟರ್. ಬೆಳಗ್ಗೆ ಏಳಕ್ಕೆ ಡ್ಯೂಟಿಗೆ ಬಂದವರು ನನ್ನನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ನನ್ನ ಸೊಂಟದ ಎರಡೂ ಕಡೆಯ ಮೂಳೆಯ ಮೇಲೆ ಕೈ ಇಟ್ಟರು. "ಈ ಎರಡು ಮೂಳೆಗೆ ಅಡ್ಡ ಗೆರೆ ಎಳೆದರೆ ಬೆನ್ನಲ್ಲಿ ಎಲ್ಲಿ ಬರುತ್ತೆ, ಅಲ್ಲಿ ಸೂಜಿ ಹಾಕೋದು. ಬೆನ್ನುಹುರಿ ಅದಕ್ಕಿಂತ ಮೇಲೇನೇ ಮುಗಿದುಹೋಗಿರುತ್ತೆ ಕಣಮ್ಮ. ಕೆಳಗೆ ಬರೀ ನರದ ಎಳೆಗಳು ನೀರಲ್ಲಿ ತೇಲ್ತಾ ಇರ್ತವೆ. ಸೂಜಿ ಬಂದ್ರೆ ಪಕ್ಕಕ್ಕೆ ಸರಿತವೆ. ಕಾಲು ಬಿದ್ದೋಗೋದು ಸೂಜಿಯಿಂದಲ್ಲ, ಕಾಯಿಲೆಯಿಂದ." ನಮ್ಮೂರ ಹುಡುಗನ ಕತೆಯೂ ಅದೇ ಇರಬೇಕು. ಸೂಜಿ ಹಾಕಿದ್ದು ಎಲ್ಲರೂ ನೋಡಿದರು, ಅದಕ್ಕೆ ಮುಂಚೆ ಏನಾಗಿತ್ತು ಅಂತ ಯಾರೂ ಕೇಳಲಿಲ್ಲ.

ಸಹಿ ಹಾಕಿದೆವು. ಎಂಟೂವರೆಗೆ ಮಗುವನ್ನು ಪಕ್ಕಕ್ಕೆ ಮಲಗಿಸಿ, ಮಂಡಿ ಹೊಟ್ಟೆಗೆ ತಾಗುವ ಹಾಗೆ ಮಡಚಿ ಹಿಡಿದುಕೊಂಡರು. ನಮ್ಮನ್ನು ಆಚೆ ಕಳಿಸಿದರು. ಹತ್ತು ನಿಮಿಷವೂ ಆಗಿರಲಿಲ್ಲ, ಸಣ್ಣ ಬಾಟಲಿಗಳನ್ನು ಹಿಡಿದುಕೊಂಡು ಹುಡುಗನೊಬ್ಬ ಲ್ಯಾಬಿಗೆ ಹೊರಟ. ಅವನನ್ನು ನಿಲ್ಲಿಸಿ ನೋಡಿದೆ. ಆ ನೀರು ಕನ್ನಡಿಯ ಹಾಗೆ ತಿಳಿಯಾಗಿರಬೇಕಂತೆ. ಹಾಲಿಗೆ ನೀರು ಬೆರೆಸಿದರೆ ನಾನು ಕಣ್ಣಲ್ಲೇ ಹೇಳಬಲ್ಲೆ. ಇಲ್ಲಿ ನೀರಿಗೆ ಹಾಲು ಬೆರೆಸಿದ ಹಾಗಿತ್ತು.

ರಿಪೋರ್ಟ್ ಬಂದಾಗ ದೊಡ್ಡ ಡಾಕ್ಟರ್ ಅರ್ಥ ಹೇಳಿದರು. ಅದರಲ್ಲಿ ಬಿಳಿ ರಕ್ತಕಣ ಇರುವುದೇ ಬೆರಳೆಣಿಕೆಯಷ್ಟು, ಚಿನ್ನುವಿಗೆ ಸಾವಿರದ ಮೇಲೆ. ರಕ್ತದ ಸಕ್ಕರೆಯ ಮೂರರಲ್ಲಿ ಎರಡು ಪಾಲು ಬೆನ್ನಿನ ನೀರಿನಲ್ಲೂ ಇರಬೇಕು. ರಕ್ತದಲ್ಲಿ 96, ನೀರಿನಲ್ಲಿ 18. ಪ್ರೋಟೀನ್ ಮಾತ್ರ ವಿಪರೀತ ಏರಿತ್ತು. ಸಕ್ಕರೆ ಇಳಿದು, ಪ್ರೋಟೀನ್ ಏರಿ, ಬಿಳಿ ಕಣ ತುಂಬಿದ್ದರೆ ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಫ್ಯಾಟ್, ಡಿಗ್ರಿ ನೋಡಿ ಹಾಲಿನ ಹಣೆಬರಹ ಹೇಳುವವಳಿಗೆ ಈ ಲೆಕ್ಕ ಮೊದಲ ಸಲಕ್ಕೇ ಅರ್ಥವಾಯಿತು. ಬ್ಯಾಗಿನಲ್ಲಿ ಡೈರಿಯ ಹಳೇ ನೋಟ್‌ಬುಕ್ ಇತ್ತು. ಅವತ್ತಿಂದ ಅದರ ಹಿಂದಿನ ಹಾಳೆಗಳಲ್ಲಿ ಬರೆಯುವುದಕ್ಕೆ ಶುರು ಮಾಡಿದೆ. ಜ್ವರ, ಉಚ್ಚೆ, ಫಿಟ್ಸ್, ಇಂಜೆಕ್ಷನ್ ಹೊತ್ತು, ಎಲ್ಲ. ಮೇಲುಗಡೆ ಬರೆದ ಮೊದಲ ಸಾಲು: ಸೋಮವಾರ ಸಂಜೆ ಆರರಿಂದ ಗುರುವಾರ ಬೆಳಗಿನ ಜಾವ ಎರಡು ಮುಕ್ಕಾಲು. ಜ್ವರದಿಂದ ಸರಿಯಾದ ಇಂಜೆಕ್ಷನ್‌ವರೆಗೆ 56 ಗಂಟೆ 45 ನಿಮಿಷ.

ಮೂರು ದಿನ ಬಿಟ್ಟು, ಬೆನ್ನಿನ ನೀರಿನಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್ ಬಂತು. ಏನೂ ಬೆಳೆದಿಲ್ಲ ಅಂತ. ನಾನು ಖುಷಿಪಟ್ಟೆ. ರೋಗಾಣು ಇಲ್ಲ ಅಂದರೆ ಒಳ್ಳೆಯದೇ ಅಲ್ವಾ? ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. "ಇದೆ, ಆದರೆ ಯಾವುದು ಅಂತ ಗೊತ್ತಾಗಲ್ಲ. ಮುಂಚೆ ಆಂಟಿಬಯೋಟಿಕ್ ಏನಾದರೂ ಕೊಟ್ಟಿದ್ರಾ ಅಂತ ಅವತ್ತೇ ಕೇಳಿದ್ದೆ."

ಆಗ ಹೇಳಿದೆ, ಫ್ರಿಜ್ಜಿನ ಸಿರಪ್ ವಿಚಾರ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಅರ್ಧ ಚಮಚ ಸಿರಪ್ ಮೆದುಳಿನ ಸೋಂಕನ್ನು ಕೊಲ್ಲಲಾರದು, ಆದರೆ ಲ್ಯಾಬಿನಲ್ಲಿ ಬೆಳೆಯದ ಹಾಗೆ ಮಾಡುವುದಕ್ಕೆ ಸಾಕಾಗಬಹುದು. ನಾವು ಸಹಿ ಹಾಕದೆ ಕಳೆದ ಗಂಟೆಗಳೂ ಅದಕ್ಕೆ ಸೇರಿಕೊಂಡವು, ಯಾಕೆಂದರೆ ಇಂಜೆಕ್ಷನ್ ಬಿದ್ದ ಕೆಲವೇ ಗಂಟೆಗಳಲ್ಲಿ ಬೆನ್ನಿನ ನೀರಿನಲ್ಲಿ ರೋಗಾಣು ಸಿಗುವುದು ಕಷ್ಟವಾಗುತ್ತದೆ. ಹೆಸರು ಗೊತ್ತಾಗಿದ್ದರೆ ಅದಕ್ಕೆ ತಕ್ಕ ಒಂದೇ ಔಷಧಿ, ಅದಕ್ಕೆ ತಕ್ಕಷ್ಟೇ ದಿನ. ಮೆನಿಂಜೊಕಾಕಸ್ ಆದರೆ ಏಳು ದಿನ, ಹಿಬ್ ಆದರೆ ಏಳರಿಂದ ಹತ್ತು, ನ್ಯೂಮೊಕಾಕಸ್ ಆದರೆ ಹತ್ತರಿಂದ ಹದಿನಾಲ್ಕು. ಹೆಸರಿಲ್ಲದ ನಮಗೆ ಹದಿನಾಲ್ಕು ದಿನ, ಎರಡು ಔಷಧಿ. ಬದುಕಿರುವವರೆಗೂ ನನ್ನ ಮಗಳಿಗೆ ಬಂದದ್ದು ಯಾವುದು ಅಂತ ನನಗೆ ಗೊತ್ತಾಗುವುದಿಲ್ಲ.

ಕಿವಿಯ ಪ್ರಶ್ನೆಗೂ ಉತ್ತರ ಹೌದು. ಸಂಕ್ರಾಂತಿಗೆ ಮುಂಚೆ ಚಿನ್ನುವಿನ ಎಡಗಿವಿ ಸೋರಿತ್ತು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಿದ್ದರು, ಒಂದು ವಾರಕ್ಕೆ ನಿಂತಿತ್ತು. ಮೂಗು, ಗಂಟಲು, ನಡುಗಿವಿ, ಈ ಜಾಗಗಳಲ್ಲಿ ಕೂತ ರೋಗಾಣು ರಕ್ತಕ್ಕೆ ಇಳಿದು ಮೆದುಳಿನ ಪೊರೆಗೆ ಏರುವುದುಂಟು. ಕಿವಿಯಿಂದ ಮೂಳೆಯ ಮೂಲಕ ನೇರವಾಗಿಯೂ ಹೋಗಬಹುದು. ಹಾಗಂತ ಕಿವಿ ಸೋರಿದ ಮಕ್ಕಳಿಗೆಲ್ಲ ಇದು ಬರುವುದಿಲ್ಲ. ನಮ್ಮ ವಠಾರದಲ್ಲೇ ಕಿವಿ ಸೋರದ ಮಗು ಇಲ್ಲ. ಅತ್ತೆಗೆ ಮಾತ್ರ ಇದನ್ನು ಎಷ್ಟು ಹೇಳಿದರೂ ಕೇಳಲಿಲ್ಲ. ಎಣ್ಣೆ ಬಟ್ಟಲನ್ನೇ ಹಿತ್ತಲಿಗೆ ಎಸೆದುಬಿಟ್ಟರಂತೆ.

ತಾಯಿ ಕಾರ್ಡಿನ ಪ್ರಶ್ನೆಗೆ ನನ್ನ ಹತ್ತಿರ ಯಾವ ನೆಪವೂ ಇರಲಿಲ್ಲ. ಒಂದೂವರೆ ತಿಂಗಳಿಂದ ಮೂರೂವರೆ ತಿಂಗಳವರೆಗಿನ ಚುಚ್ಚುಮದ್ದು ಎಲ್ಲ ಆಗಿದ್ದವು. ಪೆಂಟಾವೇಲೆಂಟ್ ಮೂರು ಸಲ ಬಿದ್ದಿತ್ತು, ಅದರಲ್ಲಿ ಹಿಬ್ ರೋಗಾಣುವಿನ ಲಸಿಕೆಯೂ ಇರುತ್ತದೆ. ನ್ಯೂಮೊಕಾಕಸ್ ಲಸಿಕೆ ಪಿಸಿವಿ ಎರಡು ಸಲ ಆಗಿತ್ತು. ಮೂರನೆಯದು ಒಂಬತ್ತು ತಿಂಗಳಿಗೆ. ಆ ತಿಂಗಳು ತಂಗಿ ಮದುವೆ ಅಂತ ತವರಿನಲ್ಲಿದ್ದೆ. ಆಶಾ ಅಕ್ಕ ಮೂರು ಸಲ ಫೋನ್ ಮಾಡಿದ್ದರು. ಒಂದು ಸಲ ಸೀರೆ ಅಂಗಡಿಯಲ್ಲಿದ್ದೆ, ಕಟ್ ಮಾಡಿದೆ. ಊರಿಗೆ ಬಂದ ಮೇಲೆ ಹಾಕಿಸಿದರಾಯಿತು ಅಂತ. ಕಾರ್ಡಿನಲ್ಲಿ ಆ ಮನೆ ಖಾಲಿಯೇ ಉಳಿಯಿತು. ಪಿಸಿವಿ ಮೊದಲು ದುಡ್ಡಿದ್ದವರಿಗೆ ಮಾತ್ರ, ಖಾಸಗಿಯಲ್ಲಿ ಸಾವಿರಗಟ್ಟಲೆ. 2021ರಿಂದ ದೇಶದ ಎಲ್ಲ ಮಕ್ಕಳಿಗೂ ಸರ್ಕಾರವೇ ಉಚಿತವಾಗಿ ಹಾಕುತ್ತಿದೆ. ಮನೆ ಬಾಗಿಲಿಗೆ ಬಂದದ್ದನ್ನು ನಾನು ಮುಂದೂಡಿದೆ. "ಆ ಒಂದು ಡೋಸ್ ಆಗಿದ್ರೆ ಬರ್ತಾನೇ ಇರಲಿಲ್ಲ ಅಂತ ಹೇಳಕ್ಕಾಗಲ್ಲ. ಯಾವ ರೋಗಾಣು ಅಂತಲೇ ಗೊತ್ತಿಲ್ಲವಲ್ಲ" ಅಂದರು ಡಾಕ್ಟರಮ್ಮ. ನನ್ನ ಪಾಪದ ಲೆಕ್ಕ ಕೂಡ ಹೀಗೆ ಸರಿಯಾಗಿ ಕೂಡಲಿಲ್ಲ.

ಊರಲ್ಲಿ ಆಗಲೇ ಬೇರೆ ಸುದ್ದಿ ಹಬ್ಬಿತ್ತು. ಚಿನ್ನುಗೆ ಮೆದುಳು ಜ್ವರ, ಸೊಳ್ಳೆಯಿಂದ ಬರುತ್ತೆ ಅಂತ. ಮಂಡ್ಯ ಕಡೆಯವರಿಗೆ ಜಪಾನೀಸ್ ಮೆದುಳು ಜ್ವರ ಹೊಸದಲ್ಲ. ಗದ್ದೆ ನೀರು, ಹಂದಿ, ಸೊಳ್ಳೆ, ಆ ದಾರಿಯಲ್ಲಿ ಬರುವ ವೈರಸ್ ಅದು, ಅದಕ್ಕೆ ಬೇರೆ ಲಸಿಕೆ. ನಮ್ಮದು ಅದಲ್ಲ, ಇದಕ್ಕೂ ಸೊಳ್ಳೆಗೂ ಸಂಬಂಧ ಇಲ್ಲ ಅಂತ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಪಂಚಾಯ್ತಿಯವರು ಮಾತ್ರ ನಮ್ಮ ಬೀದಿಗೆ ಹೊಗೆ ಹಾಕಿಸಿಯೇಬಿಟ್ಟರು. ಒಳ್ಳೆಯದೇ ಆಯಿತು, ಒಂದು ವಾರ ಸೊಳ್ಳೆ ಇರಲಿಲ್ಲವಂತೆ.

ಐಸಿಯುನಲ್ಲಿ ಆರು ದಿನ. ನನಗೆ ದಿನಕ್ಕೆ ಎರಡು ಸಲ ಒಳಗೆ ಬಿಡುತ್ತಿದ್ದರು. ಎರಡನೇ ದಿನ ರಕ್ತದಲ್ಲಿ ಸೋಡಿಯಂ ಇಳಿಯಿತು. ಮೆದುಳಿಗೆ ಸೋಂಕಾದರೆ ಹಾಗಾಗುವುದುಂಟಂತೆ. ಡ್ರಿಪ್ಸ್ ಲೆಕ್ಕ ಹಾಕಿ ಬಿಡುತ್ತಿದ್ದರು, ಉಚ್ಚೆಯನ್ನೂ ಅಳೆಯುತ್ತಿದ್ದರು. ದಿನಾ ಬೆಳಗ್ಗೆ ಸಿಸ್ಟರ್ ಟೇಪು ತಂದು ಚಿನ್ನುವಿನ ತಲೆಯ ಸುತ್ತಳತೆ ಅಳೆಯುತ್ತಿದ್ದರು. ಟೈಲರ್ ಹಾಗೆ ಹಣೆಯಿಂದ ಹಿಂದಲೆಗೆ ಸುತ್ತಿ, 44.5. ಮಾರನೇ ದಿನವೂ 44.5. ನೀರು ತುಂಬಿಕೊಂಡರೆ ಎಳೆ ಮಕ್ಕಳ ತಲೆ ಬೆಳೆಯುತ್ತದೆ. ಆ ಒಂದು ನಂಬರು ಬದಲಾಗದೆ ಇರಲಿ ಅಂತ ನಾನು ಚಾಮುಂಡಿಗೆ ಹರಕೆ ಹೊತ್ತೆ. ಡೈರಿಯಲ್ಲಿ ಯಾವತ್ತೂ ನಂಬರು ಏರಲಿ ಅಂತ ಬೇಡಿಕೊಳ್ಳುವವಳು ನಾನು.

ಏಳನೇ ದಿನ ಜ್ವರ ಮತ್ತೆ ಬಂತು. ಟೇಪು 45 ತೋರಿಸಿತು. ನೆತ್ತಿಯ ಮೇಲೆ ಜೆಲ್ ಹಚ್ಚಿ, ಹೊಟ್ಟೆಗೆ ಮಾಡುವ ಹಾಗೇ ಅಲ್ಟ್ರಾಸೌಂಡ್ ಮಾಡಿದರು. ನೆತ್ತಿ ಇನ್ನೂ ಕೂಡದ ಮಕ್ಕಳಿಗೆ ಅದೇ ಕಿಟಕಿ. ಮೆದುಳಿನ ಮೇಲೆ ಸ್ವಲ್ಪ ನೀರು ಸೇರಿತ್ತು. ಆಪರೇಷನ್ ಬೇಕಾಗಲಿಲ್ಲ, ಸುಮ್ನೆ ಕಾಯ್ದರು, ತಾನಾಗಿ ಇಂಗಿತು. ಅದು ಇಂಗುವ ನಾಲ್ಕು ದಿನ ನಮ್ಮ ಮನೆಯವರು ಆಸ್ಪತ್ರೆಯ ಹೊರಗಿನ ಕಟ್ಟೆ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದರು. ಮಲಗಿದ್ದರು ಅಂತ ಹೇಳಲಾರೆ.

ಮೂರನೇ ದಿನವೇ ದೊಡ್ಡ ಡಾಕ್ಟರನ್ನು ಕೇಳಿದ್ದೆ. "ಸಾರ್, ಉಳೀತಾಳಾ?"

ಅವರು ಸುಳ್ಳು ಹೇಳುವ ಪೈಕಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ, ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಬಂದ ಆರು ಜನರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ, ಐವರಲ್ಲಿ ಒಬ್ಬರಿಗೆ ದೊಡ್ಡ ತೊಂದರೆ ಉಳಿಯುತ್ತದೆ ಅಂದರು. ಕಿವಿ, ಫಿಟ್ಸ್, ಕೈಕಾಲು, ಬುದ್ಧಿ, ಯಾವುದೂ ಆಗಬಹುದು. ಇಂಥ ಮಗುವಿಗೆ ಹೀಗೇ ಆಗುತ್ತೆ ಅಂತ ಹೇಳುವುದಕ್ಕಾಗಲ್ಲ, ಆದರೆ ಕೆಲವನ್ನು ನೋಡುತ್ತೇವೆ ಅಂದರು. ಎಷ್ಟು ಎಳೆ ಮಗು. ಬಂದಾಗ ಪ್ರಜ್ಞೆ ಎಷ್ಟಿತ್ತು. ಫಿಟ್ಸ್ ಬಂದಿತ್ತಾ, ಔಷಧಿಗೆ ನಿಂತಿತಾ. ಬಿಪಿ ಬಿದ್ದಿತ್ತಾ. ಬೆನ್ನಿನ ನೀರಿನ ಸಕ್ಕರೆ ಎಷ್ಟು ಇಳಿದಿದೆ. ಮಗು ಮೊದಲೇ ಸೊರಗಿತ್ತಾ. ಚಿಕಿತ್ಸೆ ಎಷ್ಟು ತಡವಾಯಿತು. ನ್ಯೂಮೊಕಾಕಸ್ ಆದರೆ ಮೆನಿಂಜೊಕಾಕಸ್‌ಗಿಂತ ಹೆಚ್ಚು ಹಾನಿ.

ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಸಾಲು ಮಾಡಿದೆ. ಫಿಟ್ಸ್, ಇಳಿದ ಸಕ್ಕರೆ, ತಡ, ಎಳೆ ವಯಸ್ಸು ಒಂದು ಕಡೆ. ಫಿಟ್ಸ್ ಬೇಗ ನಿಂತದ್ದು, ಬಿಪಿ ಬೀಳದ್ದು, ತೂಕ ಎಂಟು ಕೆಜಿ ಇನ್ನೂರು ಗ್ರಾಂ ಇದ್ದದ್ದು ಇನ್ನೊಂದು ಕಡೆ. ಅವರು ಅದನ್ನು ನೋಡಿ, "ಇದು ಫ್ಯಾಟ್ ಲೆಕ್ಕ ಅಲ್ಲಮ್ಮ, ಕೂಡಿಸಿ ಕಳೆದು ರೇಟ್ ಹಾಕೋಕೆ" ಅಂದರು. ನಕ್ಕು ಹೇಳಿದರೂ ನನಗೆ ನಗು ಬರಲಿಲ್ಲ.

ಆ ಕೋಣೆಯಲ್ಲಿ ಆರು ಮಂಚ ಇದ್ದವು. ಎಲ್ಲರದೂ ಇದೇ ಕಾಯಿಲೆ ಅಲ್ಲ, ಆದರೂ ಅವರ ಮಾತು ಕೇಳಿದ ಮೇಲೆ ಒಳಗೆ ಹೋದಾಗಲೆಲ್ಲ ಕಣ್ಣು ಎಣಿಸುತ್ತಿತ್ತು. ನಮ್ಮ ಪಕ್ಕದ್ದು ನಂಜನಗೂಡು ಕಡೆಯ ನಾಲ್ಕು ವರ್ಷದ ಹುಡುಗ. ಆರು ದಿನ ಜ್ವರ, ಊರಲ್ಲೇ ಇಂಜೆಕ್ಷನ್ ಹಾಕಿಸಿ ಹಾಕಿಸಿ, ಎಚ್ಚರ ಪೂರ್ತಿ ತಪ್ಪಿದ ಮೇಲೆ ಕರೆತಂದಿದ್ದರು. ಅವನ ಅಮ್ಮ ನಾನು ಇಬ್ಬರೂ ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂದಿದ್ದೆವು. ಐದನೇ ದಿನ ಬೆಳಗ್ಗೆ ಹೋದಾಗ ಅವನ ಅಪ್ಪ ಕಾರಿಡಾರಿನಲ್ಲಿ ಹುಡುಗನ ಕಂಬಳಿಯನ್ನು ಮಡಚುತ್ತಿದ್ದ. ಅಂಚು ಸರಿಯಾಗಿ ಕೂಡಲಿಲ್ಲ ಅಂತ ಬಿಚ್ಚಿ ಮತ್ತೆ ಮಡಚಿದ.

ಚಿನ್ನು ಒಂಬತ್ತನೇ ದಿನ ನನ್ನನ್ನು ನೋಡಿ ಗುರುತು ಹಿಡಿದಳು. ಹನ್ನೆರಡನೇ ದಿನ ರಾಗಿ ಸರಿ ತಿಂದಳು. ಹದಿನೈದನೇ ದಿನ ಡಿಸ್ಚಾರ್ಜ್. ಶೀಟಿನಲ್ಲಿ ಫಿಟ್ಸ್ ಮಾತ್ರೆ, ಮತ್ತೆ ಬರಬೇಕಾದ ದಿನ, ಬಿಟ್ಟುಹೋದ ಚುಚ್ಚುಮದ್ದು, ಎಲ್ಲ ಬರೆದಿದ್ದರು. ಕಟ್ಟಕಡೆಯ ಸಾಲು: ಬೇರಾ ಟೆಸ್ಟ್ ಮಾಡಿಸುವುದು. ಕಿವಿ ಕೇಳುತ್ತದಾ ಅಂತ ನೋಡುವ ಪರೀಕ್ಷೆ ಅದು. ಡಾಕ್ಟರಮ್ಮ ಆ ಸಾಲಿನ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದು, "ಇದನ್ನು ಮಾತ್ರ ಮುಂದೆ ಹಾಕಬೇಡಿ" ಅಂದರು. ಫೋನ್ ಕಟ್ ಮಾಡಿದ ಕತೆ ಅವರಿಗೆ ಗೊತ್ತಿತ್ತಲ್ಲ.

ಮಗು ಚೆನ್ನಾಗಿಯೇ ಇದ್ದಳು. ಕರೆದರೆ ತಿರುಗುತ್ತಿದ್ದಳು, ಚಪ್ಪಾಳೆಗೆ ನಗುತ್ತಿದ್ದಳು. ಊರಲ್ಲಿ ಎಲ್ಲರೂ ಯಾಕೆ ಸುಮ್ನೆ ಓಡಾಡ್ತೀಯ ಅಂದರು. ಆದರೂ ಹೋದೆವು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮ ಜನರ ಬಾಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್. ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಹಿಂದಿ, ಮಲಯಾಳ, ಬಂಗಾಳಿ, ಎಲ್ಲ ಕೇಳಿಸುತ್ತಿತ್ತು. ನಾವು ಬರೀ ನಲವತ್ತೈವತ್ತು ಕಿಲೋಮೀಟರು ದೂರದವರು, ಈ ಜಾಗ ಇರುವುದೇ ಗೊತ್ತಿರಲಿಲ್ಲ.

ಬೇರಾ ಟೆಸ್ಟಿಗೆ ಮಗು ಗಾಢ ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ನಿದ್ದೆಗೆಡಿಸಿ ಕರೆದುಕೊಂಡು ಬನ್ನಿ ಅಂದಿದ್ದರು. ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿ, ಕಿವಿಯೊಳಗೆ ಟಕಟಕ ಸದ್ದು ಬಿಟ್ಟರು. ಸದ್ದು ಕಿವಿಗೆ ಬಿದ್ದು ನರದ ದಾರಿಯಲ್ಲಿ ಮೆದುಳಿಗೆ ಹೋಗುವಾಗ ಕಂಪ್ಯೂಟರಿನಲ್ಲಿ ಅಲೆ ಅಲೆಯಾಗಿ ಗೆರೆ ಮೂಡುತ್ತದೆ. ಬಲಗಿವಿಗೆ ಗೆರೆ ಏರಿತು, ಇಳಿಯಿತು. ಎಡಗಿವಿಗೆ ಸದ್ದು ಹೆಚ್ಚಿಸುತ್ತಾ ಹೋದರು. ಗೆರೆ ನಮ್ಮೂರ ಕೆರೆ ಹಾಗೆ ಸಪಾಟಾಗಿಯೇ ಇತ್ತು. ಮತ್ತೊಂದು ಸಲ ಮಾಡಿದರು. ಅದೇ.

ಮೆನಿಂಜೈಟಿಸ್‌ನಿಂದ ಉಳಿದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಇದೇ. ಸೋಂಕು ಒಳಗಿವಿಯ ಶಂಖಕ್ಕೆ ಇಳಿಯುತ್ತದೆ. ಅವತ್ತು ರಾತ್ರಿ ಮೊದಲು ಹಾಕಿದ ಸ್ಟೀರಾಯ್ಡ್ ಮುಖ್ಯವಾಗಿ ಕಿವಿ ಉಳಿಸುವುದಕ್ಕೇ. ಹಿಬ್‌ಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಬೇರೆಯವಕ್ಕೆ ಅಷ್ಟಿಲ್ಲ. ನಮ್ಮದು ಯಾವುದು ಅಂತ ಗೊತ್ತಿದ್ದರೆ ತಾನೇ.

"ಎರಡೂ ಕಿವಿ ಹೋಗಿದ್ದರೆ ನಿಮ್ಮನ್ನು ಮನೆಗೇ ಕಳಿಸುತ್ತಿರಲಿಲ್ಲ" ಅಂದರು ಅಲ್ಲಿಯವರು. ಈ ಕಾಯಿಲೆ ಬಂದ ಮೇಲೆ ಒಳಗಿವಿಯ ಶಂಖದೊಳಗೆ ಮೂಳೆ ಬೆಳೆದು ತುಂಬಿಕೊಳ್ಳಬಹುದಂತೆ, ಕೆಲವರಿಗೆ ಕೆಲವೇ ವಾರಗಳಲ್ಲಿ. ತುಂಬಿಕೊಂಡರೆ, ಕಿವಿ ಕೇಳಿಸುವುದಕ್ಕೆ ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ತಂತಿ ಒಳಗೆ ಹೋಗುವುದು ಕಷ್ಟ. ಬೇರೆ ಕಾರಣಕ್ಕೆ ಕಿವುಡಾದ ಮಗುವಿಗೆ ಸಿಗುವ ಸಮಯ ಇಲ್ಲಿ ಸಿಗುವುದಿಲ್ಲ. ಡಾಕ್ಟರಮ್ಮ ಶೀಟಿನ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದದ್ದು ಅದಕ್ಕೆ. ಒಂದು ಕಿವಿ ಗಟ್ಟಿ ಇದೆ, ಮಾತು ಬರುತ್ತದೆ ಅಂದರು. ಬಲಗಿವಿಯನ್ನು ಮಾತ್ರ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಶೀತವಾದರೂ ಅಲಕ್ಷ್ಯ ಮಾಡುವ ಹಾಗಿಲ್ಲ.

ಹೊರಗೆ ಬಂದು ಮರದ ಕೆಳಗೆ ಕೂತೆವು. ನಮ್ಮ ಮನೆಯವರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಎದ್ದು, ನನ್ನ ಎಡಗಡೆ ಕೂತಿದ್ದವರು ಬಲಗಡೆಗೆ ಬಂದು ಕೂತು, ಮಗುವನ್ನು ಎತ್ತಿಕೊಂಡು ಅದರ ಬಲಗಿವಿಯ ಹತ್ತಿರ ಏನೋ ಹೇಳಿದರು. ಏನು ಅಂತ ನಾನು ಕೇಳಲಿಲ್ಲ.

ಈಗ ಚಿನ್ನುವಿಗೆ ಎರಡೂವರೆ ವರ್ಷ. ಫಿಟ್ಸ್ ಮಾತ್ರೆ ನಿಲ್ಲಿಸಿದ್ದಾರೆ. ಮಾತು ಜಾಸ್ತಿ, ಅತ್ತೆಯ ಮಾತೇ ಬಂದಿದೆ. "ಬುಡವ್ವ" ಅನ್ನುತ್ತಾಳೆ ನನಗೆ. ಬಲಗಿವಿ ದಿಂಬಿಗೆ ಒತ್ತಿಕೊಂಡು ಮಲಗಿದರೆ ಕುಕ್ಕರ್ ಕೂಗಿದರೂ ಏಳುವುದಿಲ್ಲ. ಅಂಥ ಹೊತ್ತಿನಲ್ಲಿ ಮನೆಯವರೆಲ್ಲ ಅವಳ ನಿದ್ದೆ ಎಷ್ಟು ಸುಖ ಅಂತ ನಗುತ್ತೇವೆ.

ಒಂದೇ ಕಿವಿಯಿದ್ದರೆ ಸದ್ದು ಕೇಳುತ್ತದೆ, ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಬಾವನ ಮಗ ಇದನ್ನು ಡಾಕ್ಟರಿಗಿಂತ ಚೆನ್ನಾಗಿ ಕಂಡುಕೊಂಡಿದ್ದಾನೆ. ಕಣ್ಣಾಮುಚ್ಚಾಲೆ ಆಡುವಾಗ ಅವಳ ಎಡಕ್ಕಿರುವ ಕಣಜದ ಹಿಂದೆ ಬಚ್ಚಿಟ್ಟುಕೊಂಡು "ಕೂ" ಅನ್ನುತ್ತಾನೆ. ಅವಳು ಬಲಗಡೆಯ ಕೊಟ್ಟಿಗೆಗೆ ಓಡುತ್ತಾಳೆ. ಅತ್ತೆ ಜಗುಲಿಯಿಂದ ಅವನನ್ನು ಬೈಯುತ್ತಾರೆ.

ಮೊನ್ನೆ ಭಾನುವಾರ ಅವನು ಕೂ ಅಂದ. ಅವಳು ಓಡಲಿಲ್ಲ. ನಡುಮನೆಯಲ್ಲಿ ನಿಂತು, "ಇನ್ನೊಂದ್ ಕಿತ ಯೋಳು" ಅಂದಳು. ಅವನು ಮತ್ತೆ ಕೂ ಅಂದ. ಇವಳು ನಿಂತಲ್ಲೇ ಒಂದು ಸುತ್ತು ತಿರುಗಿದಳು, ಬಲಗಿವಿಯನ್ನು ಮುಂದೆ ಮಾಡಿಕೊಂಡು, ಕೋಳಿ ಕತ್ತು ತಿರುಗಿಸುವ ಹಾಗೆ. "ಇನ್ನೊಂದ್ ಕಿತ" ಅಂದಳು. ಆಮೇಲೆ ನೆಟ್ಟಗೆ ಕಣಜದ ಹತ್ತಿರ ಹೋದಳು.